ದಾಸನಕೊಪ್ಪದ ಜನಸಂಖ್ಯೆ

ಪ್ರೊಫೆಸರ್ ಚನ್ನಯ್ಯನವರು ಶಿರಸಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಸಮಾಜಶಾಸ್ತ್ರ ಎಂದರೇನೆಂಬುದು ಆಗಿನ ಶಿರಸಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಪಕ್ಕದ ಮನೆಯ ಪೋಸ್ಟ್ ಮಾಸ್ತರರು ಅದು ಜ್ಯೋತಿಷ್ಯದ ಒಂದು ಶಾಖೆಯೆಂದು ನಂಬಿ ಮಗಳ ಜಾತಕ ತಂದು ತೋರಿಸಿದ್ದರು. ಪೇಟೆಯ ಕ್ಷೌರಿಕ ಅದೊಂದು ರಾಜಕೀಯ ಪಕ್ಷವೆಂದು ತಿಳಿದು, "ಈ ಸಲ ಇಲೆಕ್ಷನ್ನಿಗೆ ನೀವು ನಿಲ್ತೀರೇನ್ರಿ?" ಎಂದು ಗಂಟಲಿಗೆ ಕತ್ತಿ ಹಿಡಿದುಕೊಂಡೇ ಕೇಳಿದ್ದ. ಅವರ ಹೆಂಡತಿ ಪಾರ್ವತವ್ವನೊಬ್ಬಳೇ ವಿಷಯವನ್ನು ಖಚಿತವಾಗಿ ಅರ್ಥಮಾಡಿಕೊಂಡವಳು. "ಮಂದಿ ಮನ್ಯಾಗ ಏನೇನ್ ನಡದೈತಿ ಅಂತ ತಿಳಕೊಳ್ಳೋ ವಿದ್ಯಾ ಅದು. ನಮ್ಮ ಓಣಿ ಹೆಂಗಸರಿಗೆಲ್ಲಾ ಬರ್ತೈತಿ. ಇವರಿಗೆ ಪಗಾರ ಕೊಡ್ತಾರ, ಅಷ್ಟ ಫರಕು" ಎನ್ನುತ್ತಿದ್ದಳು.

ಚನ್ನಯ್ಯನವರಿಗೆ ಕಲಿಸುವುದಕ್ಕಿಂತ ಪ್ರಿಯವಾದ ಇನ್ನೊಂದು ಕೆಲಸವಿತ್ತು. ಅದು ಹೊಸದಾಗಿ ಸೇರಿದ ಉಪನ್ಯಾಸಕರನ್ನು ತಿದ್ದುವುದು. ಹೊಸಬರು ಬಂದ ದಿನವೇ ಅವರನ್ನು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರಿಸಿಕೊಂಡು ಉಪದೇಶ ಶುರುಮಾಡುತ್ತಿದ್ದರು. "ಕ್ಲಾಸಿನ್ಯಾಗ ಹುಡುಗರು ಗೊತ್ತಿಲ್ಲದ್ದು ಕೇಳಿದ್ರ ಅಂಜಬ್ಯಾಡ್ರಿ. ಕನ್ನಡಕ ತೆಗೀರಿ. ಒರಸ್ರಿ. ಬೆಳಕಿಗೆ ಹಿಡಿದು ನೋಡ್ರಿ. ಅಷ್ಟರಾಗ ಗಂಟಿ ಹೊಡೀತೈತಿ."

"ನನಗೆ ಕನ್ನಡಕ ಇಲ್ಲವಲ್ಲ ಸರ್" ಎಂದರೆ, "ಹಂಗಾದ್ರ ಮೊದಲು ಕನ್ನಡಕ ಮಾಡಸ್ರಿ" ಎನ್ನುವರು.

ಹೀಗೆ ಅವರು ಮೂವರನ್ನು ತಿದ್ದಿದ್ದರು. ಮೊದಲನೆಯವನು ಬ್ಯಾಂಕು ಸೇರಿದ. ಎರಡನೆಯವನು ವಿಮೆಯ ಏಜೆಂಟನಾದ. ಮೂರನೆಯವನು ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟು, "ಎಲ್ಲ ತಮ್ಮ ಮಾರ್ಗದರ್ಶನದ ಫಲ" ಎಂದು ಕಾಗದ ಬರೆದ. ಅದರಲ್ಲಿ ವ್ಯಂಗ್ಯವಿರಬಹುದೆಂಬ ಅನುಮಾನ ಚನ್ನಯ್ಯನವರಿಗೆ ಬರಲೇ ಇಲ್ಲ. ಆ ಕಾಗದವನ್ನು ಜೋಪಾನವಾಗಿ ಎತ್ತಿಟ್ಟುಕೊಂಡರು.

೧೯೬೬ರ ಜೂನ್ ತಿಂಗಳಲ್ಲಿ ನಾಲ್ಕನೆಯವಳಾಗಿ ಬಂದವಳು ಸಿದ್ದಾಪುರ ಕಡೆಯ ಭಾಗೀರಥಿ ಹೆಗಡೆ. ಇಪ್ಪತ್ಮೂರು ವರ್ಷದ, ಮೆಲುದನಿಯ ಹುಡುಗಿ. ಚನ್ನಯ್ಯನವರು ಕನ್ನಡಕದ ಪಾಠ ಮುಗಿಸುತ್ತಿದ್ದಂತೆ ಅವಳು ವಿನಯದಿಂದ ಒಂದು ಪ್ರಶ್ನೆ ಕೇಳಿದಳು.

"ಸರ್, ತಾವು ಯಾವ ಹಳ್ಳೀಲಿ ಕ್ಷೇತ್ರಕಾರ್ಯ ಮಾಡಿದ್ದು?"

ಚನ್ನಯ್ಯನವರು ಕನ್ನಡಕ ತೆಗೆದರು. ಒರೆಸಿದರು. ಬೆಳಕಿಗೆ ಹಿಡಿದು ನೋಡಿದರು. ಅದು ಸ್ಟಾಫ್ ರೂಮು, ಗಂಟೆ ಹೊಡೆದರೂ ಯಾರೂ ಎದ್ದು ಹೋಗುವ ಸ್ಥಳವಲ್ಲ. ಹುಡುಗಿ ಕಾಯುತ್ತಲೇ ಇದ್ದಳು.

ನಿಜ ಹೇಳಬೇಕೆಂದರೆ ಅವರು ಏಳು ವರ್ಷ ಗ್ರಾಮೀಣ ಸಮಾಜವನ್ನು ಪುಸ್ತಕದಿಂದಲೇ ಬೋಧಿಸಿದವರು. ಬನವಾಸಿಗೆ ಹೋಗುವ ಬಸ್ಸು ದಾಸನಕೊಪ್ಪದಲ್ಲಿ ಕೆಟ್ಟು ನಿಂತಾಗ ಅಲ್ಲಿನ ಮಡಿವಾಳಪ್ಪನ ಅಂಗಡಿಯಲ್ಲಿ ಚಹಾ ಕುಡಿದದ್ದೇ ಅವರ ಹಳ್ಳಿಯ ಅನುಭವ. ಆದರೆ ಗುರುಸ್ಥಾನದಲ್ಲಿ ಕೂತವನು ಶಿಷ್ಯೆಯ ಮುಂದೆ ಹಾಗೆನ್ನಲಾದೀತೆ?

"ದಾಸನಕೊಪ್ಪ" ಎಂದುಬಿಟ್ಟರು. "ಮನಿ ಮನಿ ಹೊಕ್ಕು ಬಂದೀನಿ."

ಸುಳ್ಳು ಅಲ್ಲಿಗೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಭಾಗೀರಥಿ ಅದನ್ನು ಅಭಿಮಾನದಿಂದ ಪ್ರಿನ್ಸಿಪಾಲರಿಗೆ ಹೇಳಿದಳು. ಸಮಾಜಶಾಸ್ತ್ರಕ್ಕೆ ಖಾಯಂ ಮಾನ್ಯತೆ ಕೇಳಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಯುತ್ತಿದ್ದ ಪ್ರಿನ್ಸಿಪಾಲರು, "ವಿಭಾಗದ ಮುಖ್ಯಸ್ಥರು ದಾಸನಕೊಪ್ಪದ ಸಮಗ್ರ ಸಮೀಕ್ಷೆ ನಡೆಸಿರುತ್ತಾರೆ" ಎಂದು ಒಂದು ಸಾಲು ಸೇರಿಸಿದರು. ನವೆಂಬರಿನಲ್ಲಿ ಉತ್ತರ ಬಂತು. ಜನವರಿಯಲ್ಲಿ ಮೂವರ ಸಮಿತಿ ಬರುತ್ತದೆ, ಸಮೀಕ್ಷೆಯ ವರದಿ ನೋಡುತ್ತದೆ. ತೃಪ್ತಿಯಾದರೆ ಮಾನ್ಯತೆ, ಇಲ್ಲದಿದ್ದರೆ ಮುಂದಿನ ವರ್ಷದಿಂದ ವಿಷಯವೇ ಬಂದ್. ವಿಷಯ ಬಂದ್ ಆದರೆ ಚನ್ನಯ್ಯನವರೂ ಇಲ್ಲ, ಭಾಗೀರಥಿಯೂ ಇಲ್ಲ.

"ವರದಿ ಎಲ್ಲಿ?" ಎಂದರು ಪ್ರಿನ್ಸಿಪಾಲರು.

"ಸ್ವಲ್ಪ ಹಳೇದಾಗೈತ್ರಿ. ಹೊಸ ಅಂಕಿ ಹಾಕಬೇಕು" ಎಂದರು ಚನ್ನಯ್ಯನವರು. ಆಮೇಲೆ ಭಾಗೀರಥಿಯತ್ತ ತಿರುಗಿ, "ಮಿಸ್ ಹೆಗಡೆ, ನಿಮಗೂ ತರಬೇತಿ ಆದಂಗ ಆಗ್ತೈತಿ. ನಡೀರಿ ದಾಸನಕೊಪ್ಪಕ್ಕ" ಎಂದು ಗಾಂಭೀರ್ಯದಿಂದ ಅಪ್ಪಣೆ ಕೊಟ್ಟರು.

ಡಿಸೆಂಬರಿನ ಮೊದಲ ಶನಿವಾರ ಗುರುಶಿಷ್ಯರು ದಾಸನಕೊಪ್ಪದಲ್ಲಿ ಬಸ್ಸಿಳಿದರು. ಚನ್ನಯ್ಯನವರು ಕೋಟು ತೊಟ್ಟು, ಟೈ ಕಟ್ಟಿ, ಬಗಲಿಗೆ ದಪ್ಪ ಖಾಕಿ ಫೈಲು ಸಿಕ್ಕಿಸಿಕೊಂಡಿದ್ದರು. ಭಾಗೀರಥಿ ಬಿಳಿ ಸೀರೆ ಉಟ್ಟು, ಪ್ರಶ್ನಾವಳಿಗಳನ್ನು ಒಂದು ಕರಿ ಚೀಲದಲ್ಲಿ ತುಂಬಿಕೊಂಡಿದ್ದಳು. ಈ ವೇಷಗಳಲ್ಲಿ ಏನೂ ದೋಷವಿರಲಿಲ್ಲ. ದೋಷವಿದ್ದದ್ದು ಆ ವರ್ಷದ ಹವೆಯಲ್ಲಿ. ಅಕ್ಕಿ ಗೋಧಿಗೆ ತತ್ವಾರ, ಹೊಸ ರೇಶನ್ ಕಾರ್ಡು ಬರೆಯಲು ಸಾಹೇಬರು ಇಂದು ಬಂದಾರು ನಾಳೆ ಬಂದಾರು ಎಂದು ಊರ ಗಂಡಸರು ಕಾಯುತ್ತಿದ್ದರು. ಅದೇ ಹೊತ್ತಿಗೆ ಎಲ್ಲೆಲ್ಲೂ ಕುಟುಂಬ ಯೋಜನೆಯ ಪ್ರಚಾರ. ಬಿಳಿ ಸೀರೆಯ ನರ್ಸ್ ಬಾಯಿಯೊಬ್ಬಳು ಕರಿ ಚೀಲದೊಡನೆ ಬಂದು, ಮಕ್ಕಳೆಷ್ಟೆಂದು ಕೇಳಿ, ಹೆಚ್ಚಿದ್ದವರಿಗೆ ಇನ್ನು ಮಕ್ಕಳಾಗದಂತೆ ಲೂಪು ಹಾಕುತ್ತಾಳೆಂದು ಊರ ಹೆಂಗಸರು ನಡುಗುತ್ತಿದ್ದರು.

ಆದ್ದರಿಂದ ಬಸ್ಸಿನಿಂದ ಇಳಿದವರು ಇಬ್ಬರೇ ಆದರೂ ಗಂಡಸರ ಕಣ್ಣಿಗೆ ಬಿದ್ದದ್ದು ರೇಶನ್ ಸಾಹೇಬರು, ಹೆಂಗಸರ ಕಣ್ಣಿಗೆ ಬಿದ್ದದ್ದು ಲೂಪಿನ ಬಾಯಿ.

ಮೊದಲು ಮಡಿವಾಳಪ್ಪನ ಮನೆ. ಮುಂಬಾಗಿಲಲ್ಲಿ ಅಂಗಡಿ, ಹಿಂದೆ ಸಂಸಾರ. ಚನ್ನಯ್ಯನವರು ಕಟ್ಟೆಯ ಮೇಲೆ ಕೂತು ಗಂಡಸನ್ನು ವಿಚಾರಿಸುವುದು, ಭಾಗೀರಥಿ ಹಿತ್ತಿಲಿಗೆ ಹೋಗಿ ಹೆಂಗಸನ್ನು ವಿಚಾರಿಸುವುದು ಎಂದು ಏರ್ಪಾಡಾಯಿತು.

"ಮನ್ಯಾಗ ಮಂದಿ ಎಷ್ಟು?" ಎಂದರು ಚನ್ನಯ್ಯನವರು.

ಮಡಿವಾಳಪ್ಪ ಫೈಲು ನೋಡಿದ, ಟೈ ನೋಡಿದ. "ಹದಿನಾಕು ಬರಕೊಳ್ರಿ ಸಾಹೇಬ್ರ."

"ಹೆಸರು?"

"ನಾನು, ನನ್ನ ಹೇಣ್ತಿ ಗೌರಕ್ಕ, ಮಕ್ಕಳು ಆರು. ನಮ್ಮವ್ವ ನೀಲಗಂಗವ್ವ."

"ಅವರಿಗೆ ವಯಸ್ಸು?"

"ತೊಂಬತ್ತೆಂಟು ಬರೀರಿ. ಊಟ ಭಾಳ ಮಾಡ್ತಾಳ."

ಗೋಡೆಯ ಮೇಲೆ ನೀಲಗಂಗವ್ವನ ಪಟಕ್ಕೆ ಹಾಕಿದ ಹಾರ ಒಣಗಿ ತೂಗುತ್ತಿತ್ತು. ಚನ್ನಯ್ಯನವರು ತಲೆ ತಗ್ಗಿಸಿ ಬರೆಯುತ್ತಿದ್ದರು.

"ಆಮ್ಯಾಗ ಗಂಗಿ, ಕೆಂಪಿ, ಕರೆವ್ವ" ಎಂದ ಮಡಿವಾಳಪ್ಪ, ಹಿಂದಿನ ಕೊಟ್ಟಿಗೆಯತ್ತ ಕಣ್ಣು ಹಾಯಿಸುತ್ತ.

"ಇವರ ಉದ್ಯೋಗ?"

"ಹಾಲು ಕೊಡ್ತಾವ್ರಿ." ಸ್ವಲ್ಪ ತಡೆದು, "ಮಾರ್ತಾರ್ರಿ. ಹಾಲು ಮಾರ್ತಾರ" ಎಂದು ತಿದ್ದಿದ.

"ಸ್ತ್ರೀಯರ ಸ್ವಯಂ ಉದ್ಯೋಗ" ಎಂದು ಚನ್ನಯ್ಯನವರು ಸಂತೋಷದಿಂದ ಬರೆದುಕೊಂಡರು. ಉಳಿದಿಬ್ಬರು ಎತ್ತುಗಳಾದ ಬಸಣ್ಣ ಮತ್ತು ಮಾರ. ಅವರನ್ನು "ಕೃಷಿ ಕಾರ್ಮಿಕರು" ಎಂಬ ಕಾಲಮಿಗೆ ಹಾಕಿದರು.

ಅತ್ತ ಹಿತ್ತಿಲಲ್ಲಿ ಗೌರಕ್ಕ ಒಳಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು.

"ಮಕ್ಕಳೆಷ್ಟು ಗೌರಕ್ಕಾ?" ಎಂದಳು ಭಾಗೀರಥಿ.

"ಮಕ್ಕಳಾ? ನಮಗೆಲ್ಲಿ ಮಕ್ಕಳು ತಂಗಿ! ದೇವರು ಕೊಡಲಿಲ್ಲ."

ಒಳಗಿನ ಅಟ್ಟದ ಮೇಲೆ ಯಾರೋ ಸೀನಿದರು.

"ಬೆಕ್ಕು" ಎಂದಳು ಗೌರಕ್ಕ.

"ಅವ್ವಾ, ಶಿವ್ಯಾ ನನ್ನ ಚಿವುಟಾಕ ಹತ್ಯಾನ!" ಎಂದಿತು ಬೆಕ್ಕು.

ಗೌರಕ್ಕ ಕಣ್ಣು ಮಿಟುಕಿಸಲಿಲ್ಲ. "ಬಾಜೂಮನಿ ಬೆಕ್ಕು" ಎಂದಳು.

ನಾಲ್ಕು ಶನಿವಾರ ಹೀಗೇ ನಡೆಯಿತು. ಅರವತ್ತು ಮನೆಗಳ ಗಂಡಸರು ಮುಂದಿನ ಕಟ್ಟೆಯಲ್ಲಿ ಸತ್ತವರನ್ನು ಬದುಕಿಸಿದರು, ದನಕರುಗಳಿಗೆ ಮನುಷ್ಯಜನ್ಮ ಕೊಟ್ಟರು. ಹೆಂಗಸರು ಹಿತ್ತಿಲಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಇಲ್ಲವಾಗಿಸಿದರು. ಗಂಡಹೆಂಡಿರು ಒಮ್ಮೆ ಕೂತು ಮಾತಾಡಿದ್ದರೆ ಗುಟ್ಟು ಬಯಲಾಗುತ್ತಿತ್ತು. ಆದರೆ ಮದುವೆಯಾಗಿ ಹದಿನೈದು ಇಪ್ಪತ್ತು ವರ್ಷವಾದ ಮೇಲೆ ಅಂಥ ದುಂದುಗಾರಿಕೆ ಯಾರು ಮಾಡುತ್ತಾರೆ?

ಸ್ಟಾಫ್ ರೂಮಿನಲ್ಲಿ ಲೆಕ್ಕ ಕೂಡಿಸಿದರು. ಗಂಡಸರ ಪ್ರಕಾರ ದಾಸನಕೊಪ್ಪದ ಜನಸಂಖ್ಯೆ ಒಂಬೈನೂರ ಹನ್ನೆರಡು. ಹೆಂಗಸರ ಪ್ರಕಾರ ನೂರಾ ಎಪ್ಪತ್ಮೂರು.

"ಸರ್, ಇದೆಂತದೋ ತಪ್ಪಾಯ್ದು" ಎಂದಳು ಭಾಗೀರಥಿ, ಗಾಬರಿಯಲ್ಲಿ ಮನೆಮಾತು ಬಾಯಿಗೆ ಬಂದು.

ಚನ್ನಯ್ಯನವರು ಮಾತ್ರ ಎರಡೂ ಅಂಕಿಗಳನ್ನು ದಿಟ್ಟಿಸುತ್ತ ಕೂತರು. ಅವರ ಮುಖದ ಮೇಲೆ ನಿಧಾನವಾಗಿ ಒಂದು ತೇಜಸ್ಸು ಮೂಡಿತು. ಪುಸ್ತಕ ಓದಿದವರಿಗೆ ಮಾತ್ರ ಬರುವ ತೇಜಸ್ಸು ಅದು.

"ತಪ್ಪಲ್ಲ ಮಿಸ್ ಹೆಗಡೆ, ಇದು ಸಿದ್ಧಾಂತ! ಗಂಡಸಿನ ಮನಸ್ಸಿನ್ಯಾಗ ಅವಿಭಕ್ತ ಕುಟುಂಬ ಐತಿ. ಅಂವ ಎಲ್ಲಾರನ್ನೂ ತನ್ನವರು ಅಂತಾನ. ಹೆಂಗಸಿನ ಮನಸ್ಸಿನ್ಯಾಗ ಕುಟುಂಬ ಒಡದು ಹೋಗೈತಿ. ಆಕಿ ಯಾರನ್ನೂ ತನ್ನವರು ಅನ್ನಂಗಿಲ್ಲ."

"ಆದರೆ ಸರ್, ಬೆಕ್ಕು ಮಾತಾಡ್ತು."

"ನಿಮಗಿನ್ನೂ ಅನುಭವ ಸಾಲದು."

"ಹಾಗಾದ್ರೆ ನಿಜವಾದ ಜನಸಂಖ್ಯೆ ಎಷ್ಟು ಅಂತ ಬರಿಯೋದು?"

"ಸರಾಸರಿ ತೆಗೀರಿ." ತೆಗೆದರು. ಐನೂರ ನಲವತ್ತೆರಡೂವರೆ ಬಂತು.

"ಈ ಅರ್ಧ ಮನುಷ್ಯನ್ನ ಎಂತ ಮಾಡೋದು ಸರ್?"

ಚನ್ನಯ್ಯನವರು ಒಂದು ಕ್ಷಣವೂ ತಡವರಿಸಲಿಲ್ಲ. "ಊರಾಗ ಬಸುರಿ ಹೆಂಗಸರು ಇರ್ತಾರಲ್ಲ, ಅದಕ್ಕ ಹಚ್ರಿ."

ಭಾಗೀರಥಿ ಗುರುಗಳಿಗೆ ಎದುರಾಡಲಿಲ್ಲ. ಆದರೆ ಮರುದಿನ ಭಾನುವಾರ ಮಾಸಲು ಬಣ್ಣದ ಸೀರೆಯೊಂದನ್ನುಟ್ಟು, ಚೀಲವಿಲ್ಲದೆ, ಕಾಗದವಿಲ್ಲದೆ ಒಬ್ಬಳೇ ದಾಸನಕೊಪ್ಪಕ್ಕೆ ಹೋದಳು. ಗೌರಕ್ಕನ ಹಿತ್ತಿಲಲ್ಲಿ ಹೆಂಗಸರು ಗುಂಪಾಗಿ ಶುಂಠಿ ಸಿಪ್ಪೆ ಕೆರೆಯುತ್ತಿದ್ದರು. ಇವಳೂ ಒಂದು ಚೂರಿ ಕೇಳಿ ಪಡೆದು ಕೂತಳು. ಏನೂ ಕೇಳಲಿಲ್ಲ. ಸಂಜೆಯವರೆಗೆ ಅವರೇ ಅವಳನ್ನು ಕೇಳಿದರು: ಯಾವ ಊರು, ಯಾರ ಮಗಳು, ಮದುವೆ ಯಾಕಾಗಿಲ್ಲ, ಕಾಲೇಜಿನಲ್ಲಿ ಹುಡುಗರು ಕಾಡುತ್ತಾರೋ, ಆ ಟೈ ಕಟ್ಟಿದ ಮನುಷ್ಯ ಯಾರು. ಮೂರನೆಯ ಭಾನುವಾರದ ಹೊತ್ತಿಗೆ ಅಟ್ಟದ ಬೆಕ್ಕುಗಳೆಲ್ಲ ಕೆಳಗಿಳಿದು ಅವಳ ತೊಡೆ ಏರಿದ್ದವು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರು ಜಗಳವಾಡಿ ಬೇರೆಯಾಗಿದ್ದಾರೆ ಎಲ್ಲ ಅವಳಿಗೆ ತಿಳಿದಿತ್ತು. ಒಟ್ಟು ನಾನೂರ ಹದಿನೆಂಟು ಜನ.

ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಚನ್ನಯ್ಯನವರ ಮುಂದಿಟ್ಟಳು. ಅವರು ಓದಿದರು. ಓದುತ್ತ ಓದುತ್ತ ಅವಳದೇ ಸರಿಯೆಂದು ಹೊಳೆಯಿತು. ಆದರೆ ವರದಿ ಆಗಲೇ ನಾಲ್ಕು ಪ್ರತಿ ಟೈಪಾಗಿ, ಕೆಂಪು ದಾರ ಕಟ್ಟಿಸಿಕೊಂಡು ಪ್ರಿನ್ಸಿಪಾಲರ ಮೇಜು ಸೇರಿತ್ತು. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಏಳು ವರ್ಷದ ಗುರು ಏಳು ತಿಂಗಳ ಶಿಷ್ಯೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕಿತ್ತು.

"ಇದು ಹರಟಿ. ಸಮೀಕ್ಷೆ ಅಲ್ಲ" ಎಂದು ನೋಟ್‌ಬುಕ್ಕು ಹಿಂದಿರುಗಿಸಿದರು. ಆ ದಿನ ಊಟ ಸೇರಲಿಲ್ಲ. ಪಾರ್ವತವ್ವ ಬಡಿಸಿದ ಎರಡನೆಯ ರೊಟ್ಟಿಯನ್ನು ಮುಟ್ಟದೆ ಎದ್ದರು.

ಜನವರಿಯ ಕೊನೆಗೆ ಸಮಿತಿ ಬಂತು. ಅಧ್ಯಕ್ಷರು ಬಿಳಿಗೂದಲಿನ ಹಿರಿಯರು, ಜನಸಂಖ್ಯೆಯ ಸಮಸ್ಯೆಯ ಮೇಲೆ ದಪ್ಪನೆಯ ಗ್ರಂಥಗಳನ್ನು ಬರೆದವರು. ಜೊತೆಗೆ ಇಬ್ಬರು ಸದಸ್ಯರು. ಅಧ್ಯಕ್ಷರು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದರು.

"ಅಪೂರ್ವ ಸಿದ್ಧಾಂತ. ಎಲ್ಲೂ ಕೇಳಿಲ್ಲ" ಎಂದರು. ಚನ್ನಯ್ಯನವರಿಗೆ ಜೀವ ಬಂತು. "ಆ ಊರನ್ನು ಕಣ್ಣಾರೆ ನೋಡಬೇಕಲ್ಲ!" ಎಂದರು. ಜೀವ ಹೋಯಿತು.

"ರಸ್ತೆ ಭಾಳ ಕೆಟ್ಟೈತ್ರಿ."

"ಜೀಪಿನಲ್ಲಿ ಹೋಗೋಣ."

"ಊರಾಗ ಸಿಡುಬು ಐತಿ ಅಂತಾರ್ರಿ."

"ನನಗೆ ಚಿಕ್ಕಂದಿನಲ್ಲೇ ಆಗಿ ಹೋಗಿದೆ" ಎಂದು ಅಧ್ಯಕ್ಷರು ಎದ್ದರು.

ಪ್ರಿನ್ಸಿಪಾಲರು ಉತ್ಸಾಹದಿಂದ ಜೀಪು ಹುಡುಕಿದರು. ಪರಿಚಯದ ಸರಕಾರಿ ಡಾಕ್ಟರೊಬ್ಬರು ತಮ್ಮದನ್ನು ಕೊಟ್ಟರು. ಅದರ ಎರಡೂ ಬದಿಗೆ 'ಎರಡು ಅಥವಾ ಮೂರು ಮಕ್ಕಳು ಸಾಕು' ಎಂದು ಮೊಳದುದ್ದದ ಅಕ್ಷರಗಳಲ್ಲಿ ಬರೆದಿತ್ತು. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕಕ್ಕೆ ಚನ್ನಯ್ಯನವರು, ಕೋಟು ಟೈ ಸಮೇತ. ಹಿಂದೆ ಸಮಿತಿ, ತೀರ ಮೂಲೆಯಲ್ಲಿ ಮುದುಡಿಕೊಂಡು ಭಾಗೀರಥಿ.

ಜೀಪು ದಾಸನಕೊಪ್ಪದ ತಿರುವಿನಲ್ಲಿ ಕಾಣಿಸಿದ್ದೇ ತಡ, ಬಾವಿಕಟ್ಟೆಯಲ್ಲಿದ್ದ ಹೆಂಗಸರು ಕೊಡ ಅಲ್ಲೇ ಬಿಟ್ಟರು. "ಲೂಪಿನ ಗಾಡಿ ಬಂತ್ರೇ!" ಎಂಬ ಕೂಗು ಓಣಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹೆಂಗಸರು ಮಕ್ಕಳೆಲ್ಲ ಶುಂಠಿ ಹೊಲ ದಾಟಿ ಪೊದೆ ಬೆಳೆದ ಹಕ್ಕಲು ಸೇರಿದ್ದರು. ಗಂಡಸರು ನೋಡಿದ್ದು ಅಕ್ಷರಗಳನ್ನಲ್ಲ, ಮುಂದಿನ ಸೀಟಿನ ಟೈಯನ್ನು. ಅವರು ಮನೆಯೊಳಗಿಂದ ಖಾಲಿ ಚೀಲಗಳನ್ನು ತಂದು ಅಂಗಡಿಯ ಮುಂದೆ ಸಾಲು ಹಚ್ಚಿದರು.

ಅಧ್ಯಕ್ಷರು ಕೆಳಗಿಳಿದು ಸುತ್ತ ನೋಡಿದರು. ಐವತ್ತು ಅರವತ್ತು ಗಂಡಸರು, ಅಷ್ಟೇ ಚೀಲಗಳು. ಒಂದು ಹೆಣ್ಣಿಲ್ಲ, ಒಂದು ಮಗುವಿಲ್ಲ.

"ಈ ಊರಿನಲ್ಲಿ ಹೆಂಗಸರೇ ಇಲ್ಲವೇ?"

"ಅವರ ಮನಸ್ಸಿನ್ಯಾಗ..." ಎಂದು ಚನ್ನಯ್ಯನವರು ಸಿದ್ಧಾಂತ ಶುರುಮಾಡಿದರು.

ಅಧ್ಯಕ್ಷರು ವರದಿ ತೆರೆದು ಸಾಲಿನ ಮೊದಲಿಗನನ್ನೇ ಕೇಳಿದರು. "ನೀವು ಮಡಿವಾಳಪ್ಪನವರೋ? ಮನೆಯಲ್ಲಿ ಹದಿನಾಲ್ಕು ಜನ. ಎಲ್ಲಿ?"

"ಅದಾರ್ರಿ. ಗಂಗಿ, ಕೆಂಪಿ, ಕರೆವ್ವ ಮೇಯಾಕ ಹೋಗ್ಯಾರ."

"ಎಲ್ಲಿಗೆ ಹೋಗಿದ್ದಾರೆ?"

"ಅಂದ್ರ ಕೆಲಸಕ್ಕ ಹೋಗ್ಯಾರ್ರಿ." ಆ ಗಳಿಗೆಗೆ ಸರಿಯಾಗಿ ಕೊಟ್ಟಿಗೆಯಲ್ಲಿದ್ದ ಎತ್ತೊಂದು ಗಟ್ಟಿಯಾಗಿ ಕೂಗಿತು. "ಏ ಬಸಣ್ಣಾ, ಸುಮ್ನಿರು!" ಎಂದು ಮಡಿವಾಳಪ್ಪ ಅಭ್ಯಾಸಬಲದಿಂದ ಗದರಿದ.

ಅಧ್ಯಕ್ಷರು ವರದಿಯ ಮೇಲೆ ಬೆರಳಾಡಿಸಿದರು. "ಬಸಣ್ಣ, ವಯಸ್ಸು ಒಂಬತ್ತು, ಕೃಷಿ ಕಾರ್ಮಿಕ" ಎಂದು ಓದಿದರು. ಓದಿ ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ ಚನ್ನಯ್ಯನವರ ಕಡೆ ನೋಡಿದರು.

ಚನ್ನಯ್ಯನವರ ಕೈ ಕನ್ನಡಕಕ್ಕೆ ಹೋಯಿತು. ಆದರೆ ತೆಗೆಯಲಿಲ್ಲ. ಜೀಪಿನ ಪಕ್ಕ ನಿಂತ ಹುಡುಗಿಯ ಮುಖ ಕಂಡಿತು. ಇವರಿಗಾಗಿ ಅವಳು ನಾಚಿ ತಲೆ ತಗ್ಗಿಸಿದ್ದಳು. ತನ್ನ ಕೆಲಸ ಹೋಗುತ್ತದೆಂಬ ಗಾಬರಿ ಅವಳಲ್ಲಿ ಕಾಣಲಿಲ್ಲ. ಅದು ಅವರಿಗೆ ತಡೆಯಲಾಗಲಿಲ್ಲ.

"ಸರ್, ನಾ ಸುಳ್ಳು ಹೇಳೀನ್ರಿ" ಎಂದರು. "ಮೊದಲ ಈ ಊರಿಗೆ ನಾ ಬಂದಿದ್ದು ಬಸ್ಸು ಕೆಟ್ಟಾಗ ಒಮ್ಮೆ. ಈ ವರದಿ ನಂದು, ತಪ್ಪು ಪೂರಾ ನಂದು. ಖರೆ ಸಮೀಕ್ಷೆ ಈಕಿ ಮಾಡ್ಯಾಳ. ನಾನ ಅದನ್ನ ಹರಟಿ ಅಂದೆ. ವಿಷಯ ಬಂದ್ ಮಾಡಬ್ಯಾಡ್ರಿ. ನನ್ನ ಕಳಸ್ರಿ, ಈಕಿನ್ನ ಇಟ್ಟುಕೊಳ್ರಿ."

ಭಾಗೀರಥಿ ಗುರುಗಳತ್ತ ಒಮ್ಮೆ ನೋಡಿ, ಓಣಿಯ ಕೊನೆಗೆ ಹೋಗಿ, ಹಕ್ಕಲಿನ ಕಡೆ ಮುಖಮಾಡಿ ಕೂಗಿದಳು. "ಗೌರಕ್ಕಾ! ನಾನೇ, ಭಾಗೀರಥಿ! ಯಾರೂ ಎಂತೂ ಮಾಡೂದಿಲ್ಲ, ಬನ್ನಿ!"

ಸ್ವಲ್ಪ ಹೊತ್ತಿಗೆ ಪೊದೆಗಳು ಅಲುಗಿದವು. ಮೊದಲು ಗೌರಕ್ಕ, ಅವಳ ಹಿಂದೆ ಆರು ಬೆಕ್ಕುಗಳು, ಅವುಗಳ ಹಿಂದೆ ಇಡೀ ದಾಸನಕೊಪ್ಪ ಹೊರಬಂತು. "ಅಯ್ಯ, ನಮ್ಮ ಭಾಗವ್ವ! ಈ ಸುಡುಗಾಡು ಗಾಡ್ಯಾಗ ಯಾಕ ಬಂದಿ?" ಎಂದು ಗೌರಕ್ಕ ಅವಳ ಕೈ ಹಿಡಿದಳು. ಭಾಗೀರಥಿ ನೋಟ್‌ಬುಕ್ಕು ತೆಗೆದು ಅಧ್ಯಕ್ಷರಿಗೆ ಕೊಟ್ಟಳು. ಅವರು ಪುಟ ತಿರುವುತ್ತ ಬಂದವರನ್ನು ಎಣಿಸತೊಡಗಿದರು. ಲೆಕ್ಕವೆಲ್ಲ ತಾಳೆಯಾಯಿತು.

"ತಾಯಿ, ಈ ಹುಡುಗಿಗೆ ನಿಜ ಹೇಳಿದಿರಿ. ಮೊದಲೇ ಯಾಕೆ ಹೇಳಲಿಲ್ಲ?" ಎಂದರು ಗೌರಕ್ಕನಿಗೆ.

ಗೌರಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅದಿರಲಿ ಅಜ್ಜಾರ, ನಿಮಗ ಮಕ್ಕಳೆಷ್ಟು?"

ಅಧ್ಯಕ್ಷರು ಗಾಡಿಯ ಮೇಲಿನ ಅಕ್ಷರಗಳತ್ತ ನೋಡಿದರು. ಕೆಮ್ಮಿದರು. "ಮೂರು" ಎಂದರು.

ಹಿಂದೆ ನಿಂತ ಸದಸ್ಯರೊಬ್ಬರು, ತೀರ ಸತ್ಯವಂತರು, "ಏಳಲ್ಲವೇ ಸರ್?" ಎಂದರು.

ದಾಸನಕೊಪ್ಪಕ್ಕೆ ದಾಸನಕೊಪ್ಪವೇ ಬಿದ್ದು ಬಿದ್ದು ನಕ್ಕಿತು. "ಅಪರಿಚಿತರು ಕೇಳಿದ್ರ ನೀವೂ ಹಂಗ ಹೇಳ್ತೀರಿ ನೋಡ್ರಿ" ಎಂದಳು ಗೌರಕ್ಕ. ಅಧ್ಯಕ್ಷರು ಕೆಂಪಗಾಗಿ, ಆಮೇಲೆ ತಾವೂ ನಕ್ಕು, ಕಟ್ಟೆಯ ಮೇಲೆ ಕೂತು ಚಹಾ ಕೇಳಿದರು. ಅಲ್ಲೇ ಕೂತು ಟಿಪ್ಪಣಿ ಬರೆದರು: ಮಾನ್ಯತೆ ಕೊಡಬಹುದು, ಭಾಗೀರಥಿಯವರನ್ನು ಖಾಯಂ ಮಾಡಬೇಕು, ವಿಭಾಗದ ಮುಖ್ಯಸ್ಥರು ಅವರ ಕೈಕೆಳಗೆ ಒಂದು ವರ್ಷ ಕ್ಷೇತ್ರಕಾರ್ಯ ಕಲಿಯಬೇಕು.

ಚನ್ನಯ್ಯನವರು ಕಲಿತರು. ಭಾನುವಾರಗಳಲ್ಲಿ ಕೋಟು ಬಿಚ್ಚಿಟ್ಟು ಗೌರಕ್ಕನ ಹಿತ್ತಿಲಲ್ಲಿ ಶುಂಠಿ ಕೆರೆದರು. ಶುಂಠಿಯ ಖಾರ ಬೆರಳಿನ ಸಂದಿಗೆ ಇಳಿದು ವಾರಗಟ್ಟಲೆ ಉರಿಯಿತು. ಮಾತು ಮಾತ್ರ ಬೇಗ ಹತ್ತಲಿಲ್ಲ. ಬಾಯಿ ತೆರೆದಾಗಲೆಲ್ಲ ಪ್ರಶ್ನೆಯೇ ಬರುತ್ತಿತ್ತು, ಗೌರಕ್ಕ "ಮಾಸ್ತರ, ಮೊದಲು ಕೈ ನಡೀಲಿ" ಎನ್ನುತ್ತಿದ್ದಳು.

೧೯೬೯ರಲ್ಲಿ ಯಲ್ಲಾಪುರದ ಸೀತಾರಾಮನೆಂಬ ಹುಡುಗ ಹೊಸ ಉಪನ್ಯಾಸಕನಾಗಿ ಸೇರಿದ. ಚನ್ನಯ್ಯನವರೂ ಭಾಗೀರಥಿಯೂ ಅವನನ್ನು ಬರಿಗೈಯಲ್ಲಿ ದಾಸನಕೊಪ್ಪಕ್ಕೆ ಕಳಿಸಿದರು. ಆರು ಭಾನುವಾರವಾದ ಮೇಲೆ ಚನ್ನಯ್ಯನವರು ಹೋಗಿ ವಿಚಾರಿಸಿಕೊಂಡು ಬಂದು, ಪ್ರಿನ್ಸಿಪಾಲರಿಗೆ ಒಂದು ಚೀಟಿ ಬರೆದರು. "ಗೌರಕ್ಕನವರ ಅಭಿಪ್ರಾಯ: ಹುಡುಗ ಅಡ್ಡಿಯಿಲ್ಲ. ಮಾತು ಸ್ವಲ್ಪ ಕಡಿಮೆ ಮಾಡಿದರೆ ಇನ್ನೂ ಚಲೋ ಆಗುತ್ತಾನೆ."

ಆ ಹೊತ್ತಿಗೆ ಪ್ರಿನ್ಸಿಪಾಲರು ಬದಲಾಗಿದ್ದರು. ಹೊಸಬರು ಚೀಟಿಯನ್ನು ಎರಡು ಸಲ ಓದಿದರು. ಈ ಗೌರಕ್ಕನವರು ಯಾರೆಂದು ಕೇಳಿದರೆ ತಮ್ಮ ಅಜ್ಞಾನ ಬಯಲಾದೀತೆಂದು ಕೇಳಲಿಲ್ಲ. ಗಂಭೀರವಾಗಿ ಪೆನ್ನು ತೆಗೆದು ಅಂಚಿನಲ್ಲಿ ಬರೆದರು: "ವಿಶ್ವವಿದ್ಯಾಲಯದ ತಜ್ಞರ ಶಿಫಾರಸು ನೋಡಲಾಗಿದೆ. ನೇಮಕಾತಿ ಖಾಯಂ. ಮುಂದಿನ ತಿಂಗಳು ಸದರಿ ತಜ್ಞರನ್ನು ಉಪನ್ಯಾಸಕ್ಕೆ ಕರೆಸುವುದು."

ಚನ್ನಯ್ಯನವರು ಅದನ್ನು ತಿದ್ದಲಿಲ್ಲ. ಗೌರಕ್ಕ ಬಂದಳು.